ದೋಣಿ ಉಳೀತು, ಮಿನಾರು ಹೋಯ್ತು: ಫುಟ್‌ಬಾಲ್ ಕ್ಲಬ್ಬಿನ ಲೋಗೋ ನಿಜಕ್ಕೂ ಯಾರದ್ದು?

2025ರ ಅಕ್ಟೋಬರ್‌ನಲ್ಲಿ ಒಂದು ಸುದ್ದಿ ಬಂತು, ಹೈದರಾಬಾದ್ ಎಫ್‌ಸಿ ಇನ್ಮೇಲೆ ಹೈದರಾಬಾದ್‌ನಲ್ಲಿ ಇರಲ್ಲ, ದೆಹಲಿಗೆ ಹೋಗ್ತಿದೆ, ಹೆಸರು ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ, ಲೋಗೋ ಹೊಸದು ಅಂತ. ಫುಟ್‌ಬಾಲ್ ಅಷ್ಟಾಗಿ ಫಾಲೋ ಮಾಡದೇ ಇರೋರಿಗೆ ಇದು ತಲೆಬುಡ ಅರ್ಥ ಆಗಲಿಲ್ಲ, ಫಾಲೋ ಮಾಡೋರಿಗೆ ಇನ್ನೂ ಜಾಸ್ತಿ ಗೊಂದಲ. ಯಾಕಂದ್ರೆ ದೆಹಲಿಗೆ ಐಎಸ್‌ಎಲ್‌ನಲ್ಲಿ, ಅಂದ್ರೆ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಮೊದಲೇ ಒಂದು ಟೀಮ್ ಇತ್ತು, ಡೆಲ್ಲಿ ಡೈನಮೋಸ್, ಅದು 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯ್ತು. ಅದೇ ವರ್ಷ ಪುಣೆ ಸಿಟಿ ಮುಚ್ಚಿಹೋಗಿ ಅದರ ಜಾಗಕ್ಕೆ ಬಂದಿದ್ದೇ ಈ ಹೈದರಾಬಾದ್. ಈಗ ಹೈದರಾಬಾದ್ ಎದ್ದು ದೆಹಲಿಗೆ.

ಹಾಗಾದ್ರೆ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಅನ್ನೋದು ಹೊಸ ಟೀಮಾ ಹಳೇ ಟೀಮಾ? 2022ರ ಮಾರ್ಚ್‌ನಲ್ಲಿ ಕೇರಳ ಬ್ಲಾಸ್ಟರ್ಸ್‌ನ ಪೆನಾಲ್ಟಿ ಶೂಟೌಟಲ್ಲಿ ಸೋಲಿಸಿ ಹೈದರಾಬಾದ್ ಗೆದ್ದ ಆ ಐಎಸ್‌ಎಲ್ ಕಪ್ ಈಗ ಯಾರ ಲೆಕ್ಕಕ್ಕೆ? ಹಳೇ ಲೋಗೋದಲ್ಲಿ ಚಾರ್‌ಮಿನಾರ್‌ನ ಮಿನಾರು ಇತ್ತು, ಕೊಹಿನೂರ್ ವಜ್ರ ಇತ್ತು, ಹಳದಿ ಕಪ್ಪು ಬಣ್ಣ ಇತ್ತು. ಆ ಬಾವುಟ ಹಿಡ್ಕೊಂಡು ಸ್ಟೇಡಿಯಂಗೆ ಹೋಗ್ತಿದ್ದ ಡೆಕ್ಕನ್ ಲೀಜನ್ ಅನ್ನೋ ಫ್ಯಾನ್ ಗುಂಪು ಈಗ ಏನು ಮಾಡಬೇಕು?

ಇದಕ್ಕೆ ಉತ್ತರ ಹುಡುಕೋಕೆ ಹೋದ್ರೆ ದಾರಿ ಸೀದಾ ಕೋಲ್ಕತ್ತಾಗೆ ಹೋಗುತ್ತೆ, ಅಲ್ಲಿಂದ ನಮ್ಮ ಬೆಂಗಳೂರಿಗೂ ಒಂದೆರಡು ಸಲ ಬಂದು ಹೋಗುತ್ತೆ.

ಒಂದು ಟೀಮ್ ಅಂದ್ರೆ ಮೂರು ಬೇರೆ ಬೇರೆ ವಸ್ತು

ಮೊದಲು ಇದನ್ನ ಬಿಡಿಸಿ ನೋಡಬೇಕು, ಇಲ್ಲದಿದ್ರೆ ಮುಂದಿನದ್ದು ಯಾವುದೂ ಅರ್ಥ ಆಗಲ್ಲ. ನಾವು ಟೀಮ್ ಅಂತ ಒಂದೇ ಪದದಲ್ಲಿ ಹೇಳೋದರ ಒಳಗೆ ಮೂರು ಇದೆ. ಒಂದು, ಕ್ಲಬ್, ಅಂದ್ರೆ ಮೆಂಬರ್‌ಗಳು ಇರೋ, ಚುನಾವಣೆ ನಡೆಸೋ, ನಮ್ಮೂರಿನ ಸಂಘಗಳ ಥರದ್ದೇ ಒಂದು ಸಂಘ. ಎರಡು, ಫುಟ್‌ಬಾಲ್ ಟೀಮ್ ನಡೆಸೋ ಪ್ರೈವೇಟ್ ಲಿಮಿಟೆಡ್ ಕಂಪನಿ, ಆಟಗಾರರಿಗೆ ಸಂಬಳ ಕೊಡೋದು ಇದೇ. ಮೂರು, ಲೀಗ್‌ನಲ್ಲಿ ಆಡೋ ಹಕ್ಕು, ಇದನ್ನ ಸ್ಪೋರ್ಟಿಂಗ್ ರೈಟ್ಸ್ ಅಂತಾರೆ, ಇದು ಒಂಥರಾ ಬಸ್ಸಿನ ಪರ್ಮಿಟ್ ಇದ್ದ ಹಾಗೆ. ಪರ್ಮಿಟ್ ಇಲ್ಲದೆ ಬಸ್ ಎಷ್ಟೇ ಚೆನ್ನಾಗಿದ್ರೂ ರೋಡಿಗೆ ಇಳಿಯೋ ಹಾಗಿಲ್ಲ.

ಲೋಗೋ ಈ ಮೂರರಲ್ಲಿ ಯಾರ ಹತ್ರ ಇದೆ ಅನ್ನೋದೇ ಎಲ್ಲಾ ಜಗಳದ ಮೂಲ. ಹೈದರಾಬಾದ್ ಥರದ ಫ್ರಾಂಚೈಸಿಗಳಲ್ಲಿ ಮೊದಲನೇದು ಅಂದ್ರೆ ಸಂಘ ಅನ್ನೋದೇ ಇಲ್ಲ, ಕಂಪನಿ, ಪರ್ಮಿಟ್, ಲೋಗೋ ಎಲ್ಲಾ ಒಬ್ಬನೇ ಮಾಲೀಕನ ಕೈಲಿ. ಹಾಗಾಗಿ 2024ರಲ್ಲಿ ಟೀಮನ್ನ ತಗೊಂಡ ಬಿ.ಸಿ. ಜಿಂದಾಲ್ ಗ್ರೂಪ್ ಅದನ್ನ ಮರುವರ್ಷ ದೆಹಲಿಗೆ ಒಯ್ಯೋಕೆ ತೀರ್ಮಾನ ಮಾಡಿದಾಗ ತಡೆಯೋಕೆ ಹಕ್ಕಿರೋರು ಹೈದರಾಬಾದ್‌ನಲ್ಲಿ ಯಾರೂ ಇರಲಿಲ್ಲ. ಕೋಲ್ಕತ್ತಾದ ದೊಡ್ಡ ಕ್ಲಬ್‌ಗಳಲ್ಲಿ ಹಾಗಲ್ಲ, ಅಲ್ಲಿ ಸಂಘ ಮೊದಲು ಹುಟ್ಟಿ ಕಂಪನಿ ಎಷ್ಟೋ ದಶಕ ಆದ್ಮೇಲೆ ಬಂತು. ಈ ಒಂದು ವ್ಯತ್ಯಾಸದಿಂದ ಎಷ್ಟೆಲ್ಲಾ ಬದಲಾಗುತ್ತೆ ಅನ್ನೋದನ್ನ ನಿಧಾನಕ್ಕೆ ನೋಡೋಣ.

ದೋಣಿ ಮತ್ತು ಪಂಜು

ಮೋಹನ್ ಬಾಗನ್ ಶುರುವಾಗಿದ್ದು 1889ರ ಆಗಸ್ಟ್ 15ಕ್ಕೆ. ಅದರ ಗುರುತು ಹಾಯಿ ಎತ್ತಿದ ದೋಣಿ, ಬಣ್ಣ ಹಸಿರು ಮತ್ತು ಮರೂನ್. ಈ ಬಣ್ಣಕ್ಕೆ ಅಷ್ಟು ಬೆಲೆ ಬಂದಿದ್ದು 1911ರ ಜುಲೈ 29ರಂದು, ಐಎಫ್‌ಎ ಶೀಲ್ಡ್ ಅನ್ನೋ ಆ ಕಾಲದ ದೊಡ್ಡ ಟೂರ್ನಿಯ ಫೈನಲ್‌ನಲ್ಲಿ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನ 2-1ರಿಂದ ಸೋಲಿಸಿದ ದಿನ. ಹನ್ನೊಂದು ಜನರಲ್ಲಿ ಸುಧೀರ್ ಚಟರ್ಜಿ ಒಬ್ಬರು ಬಿಟ್ರೆ ಉಳಿದೋರೆಲ್ಲ ಬರಿಗಾಲಲ್ಲಿ ಆಡಿದ್ರು, ಕ್ಯಾಪ್ಟನ್ ಶಿವದಾಸ್ ಭಾದುರಿ ಒಂದು ಗೋಲ್ ಹೊಡೆದ್ರು, ಗೆಲುವಿನ ಗೋಲ್ ಅಭಿಲಾಷ್ ಘೋಷ್ ಅವರದ್ದು. ಮೈದಾನದ ಹತ್ರ ಬರೋಕಾಗದೆ ದೂರ ನಿಂತಿದ್ದ ಜನಕ್ಕೆ ಸ್ಕೋರ್ ಗೊತ್ತಾಗಲಿ ಅಂತ ಗಾಳಿಪಟ ಹಾರಿಸಿ ತಿಳಿಸ್ತಿದ್ರಂತೆ. ಈಗಲೂ ಜುಲೈ 29 ಅಂದ್ರೆ ಅಲ್ಲಿ ಮೋಹನ್ ಬಾಗನ್ ದಿನ. ಬಂಗಾಳದ ವಿಭಜನೆ, ಸ್ವದೇಶಿ ಚಳವಳಿ ಎಲ್ಲಾ ನಡೀತಿದ್ದ ಕಾಲ ಅದು, ಹಾಗಾಗಿ ಆ ಜರ್ಸಿ ಬರೀ ಆಟದ ಜರ್ಸಿಯಾಗಿ ಉಳೀಲಿಲ್ಲ.

ಈಸ್ಟ್ ಬೆಂಗಾಲ್ ಕಥೆ ಒಂದು ಅವಮಾನದಿಂದ ಶುರು. 1920ರ ಜುಲೈ ಕೊನೇಲಿ ಮೋಹನ್ ಬಾಗನ್ ವಿರುದ್ಧ ಜೋಡಾಬಾಗನ್ ಕ್ಲಬ್ ಆಡಬೇಕಿತ್ತು, ಸೈಲೇಶ್ ಬೋಸ್ ಅನ್ನೋ ಡಿಫೆಂಡರ್‌ನ ಟೀಮಿಂದ ಕೈಬಿಟ್ರು, ಕಾರಣ ಹೇಳಲಿಲ್ಲ. ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಇದು ಅವರ ಪೂರ್ವ ಬಂಗಾಳದ ಮೂಲ ನೋಡಿ ಮಾಡಿದ್ದು ಅಂತ ಸಿಟ್ಟಾಗಿ ಹೊರಬಂದು, ಮೂರು ನಾಲ್ಕು ದಿನದಲ್ಲೇ, ಆಗಸ್ಟ್ 1ಕ್ಕೆ, ಹೊಸ ಕ್ಲಬ್ ಕಟ್ಟಿದ್ರು. ಬಣ್ಣ ಕೆಂಪು ಮತ್ತು ಬಂಗಾರ. ಅವರ ಲಾಂಛನ ಉರಿಯೋ ಪಂಜು, ಬಂಗಾಳಿಯಲ್ಲಿ ಮೊಶಾಲ್, ಅದು ಬಂದಿದ್ದು 1930ರಲ್ಲಿ ಮೇಲಿನ ಡಿವಿಷನ್‌ಗೆ ಹೋಗೋ ಅವಕಾಶ ತಪ್ಪಿದಾಗ ಬೆಂಬಲಿಗರು ಪಂಜು ಹಿಡಿದು ನಡೆಸಿದ ಮೆರವಣಿಗೆಯಿಂದ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪಂಜಿನ ಲೋಗೋವನ್ನ ಯಾವ ಡಿಸೈನ್ ಕಂಪನಿಯೂ ಮೀಟಿಂಗ್ ರೂಮಲ್ಲಿ ಕೂತು ಮಾಡಿದ್ದಲ್ಲ. ಜನ ಬೀದಿಲಿ ಹಿಡಿದಿದ್ದ ವಸ್ತು ಆಮೇಲೆ ಕ್ಲಬ್ಬಿನ ಎದೆ ಮೇಲೆ ಬಂದು ಕೂತಿದ್ದು. 1947ರಲ್ಲಿ ದೇಶ ಒಡೆದು ಪೂರ್ವ ಬಂಗಾಳದಿಂದ ಮನೆ ಮಠ ಬಿಟ್ಟು ಬಂದ ಲಕ್ಷಾಂತರ ಜನಕ್ಕೆ ಕೋಲ್ಕತ್ತಾದಲ್ಲಿ ತಮ್ಮೂರಿನ ಹೆಸರು ಕಾಣಿಸ್ತಿದ್ದ ಜಾಗಗಳಲ್ಲಿ ಈ ಕ್ಲಬ್ ಒಂದು. ಡರ್ಬಿ, ಅಂದ್ರೆ ಈ ಎರಡು ಕ್ಲಬ್‌ಗಳ ನಡುವಿನ ಪಂದ್ಯ, ಗೆದ್ದ ದಿನ ಇವರ ಮನೇಲಿ ಇಲಿಶ್ ಮೀನು, ಮೋಹನ್ ಬಾಗನ್‌ನೋರು ಗೆದ್ರೆ ಅವರ ಮನೇಲಿ ಸಿಗಡಿ, ಅಲ್ಲಿವರೆಗೂ ಇದು ಒಳಗೆ ಹೋಗಿದೆ.

ಬೆಂಗಳೂರಿನ ಕಂಪನಿ ಎರಡೂ ಕಡೆ

1998ರಲ್ಲಿ ಬೆಂಗಳೂರಿನ ಯುಬಿ ಗ್ರೂಪ್, ವಿಜಯ್ ಮಲ್ಯ ಅವರ ಕಂಪನಿ, ಈ ಎರಡೂ ಕ್ಲಬ್‌ಗಳ ಜೊತೆ ಒಪ್ಪಂದ ಮಾಡ್ಕೊಂಡಿತು. ಫುಟ್‌ಬಾಲ್ ನಡೆಸೋಕೆ ಬೇರೆ ಕಂಪನಿ, ಅದರಲ್ಲಿ ಯುಬಿಗೆ ಅರ್ಧ ಪಾಲು. ಒಂದು ಕಡೆ ಮ್ಯಾಕ್‌ಡೊವೆಲ್ ಮೋಹನ್ ಬಾಗನ್, ಇನ್ನೊಂದು ಕಡೆ ಕಿಂಗ್‌ಫಿಷರ್ ಈಸ್ಟ್ ಬೆಂಗಾಲ್. ಅಷ್ಟು ಹಳೇ ಹೆಸರುಗಳ ಮುಂದೆ ಮೊದಲ ಸಲ ಬೇರೆ ಹೆಸರು ಬಂತು.

ಯಾಕೆ ಬಂತು ಅನ್ನೋದು ಕಷ್ಟದ ಲೆಕ್ಕ ಏನಲ್ಲ. 1996ರಲ್ಲಿ ನ್ಯಾಷನಲ್ ಲೀಗ್ ಶುರುವಾಗಿತ್ತು, ದೇಶ ಪೂರ್ತಿ ಓಡಾಡಬೇಕು, ವಿದೇಶಿ ಆಟಗಾರರಿಗೆ ಸಂಬಳ ಕೊಡಬೇಕು, ಮೆಂಬರ್‌ಶಿಪ್ ದುಡ್ಡಲ್ಲಿ, ಟಿಕೆಟ್ ದುಡ್ಡಲ್ಲಿ ಅದು ಆಗಲ್ಲ. ಕಂಪನಿ ಕಡೆಯಿಂದ ನೋಡಿದ್ರೆ, ಮದ್ಯದ ಜಾಹೀರಾತಿಗೆ ನಿರ್ಬಂಧ ಇರೋ ದೇಶದಲ್ಲಿ ಬ್ರ್ಯಾಂಡಿನ ಹೆಸರು ಟೀಮಿನ ಹೆಸರಲ್ಲೇ ಸೇರಿಬಿಟ್ರೆ ಪೇಪರ್‌ನಲ್ಲಿ, ರೇಡಿಯೋದಲ್ಲಿ, ಟೀವಿ ನ್ಯೂಸ್‌ನಲ್ಲಿ ತಾನಾಗೇ ಬರುತ್ತೆ. ಇಬ್ಬರನ್ನೂ ಹಿಡಿದಿದ್ದಕ್ಕೂ ಅದೇ ಕಾರಣ, ಒಬ್ಬರನ್ನೇ ಹಿಡಿದ್ರೆ ಅರ್ಧ ಕೋಲ್ಕತ್ತಾ ನಿಮ್ಮ ಬ್ರ್ಯಾಂಡಿಗೆ ವಿರೋಧಿ ಆಗ್ಬಿಡುತ್ತೆ.

ಆದ್ರೆ ಒಂದನ್ನ ಗಮನಿಸಬೇಕು. ಆಗ ದೋಣಿಗೂ ಪಂಜಿಗೂ ಏನೂ ಆಗಲಿಲ್ಲ. ಮುಂದೆ ಹೆಸರು ಸೇರಿತು, ಸಂಘ ಸಂಘವಾಗೇ ಉಳೀತು, ಕಂಪನಿಯಲ್ಲಿ ಅರ್ಧ ಪಾಲು ಸಂಘದ್ದೇ. ಜನರೂ ಬಾಯಲ್ಲಿ ಮೋಹನ್ ಬಾಗನ್, ಈಸ್ಟ್ ಬೆಂಗಾಲ್ ಅಂತಲೇ ಕರೀತಿದ್ರು, ಆ ಮುಂದಿನ ಪದ ಸ್ಕೋರ್‌ಬೋರ್ಡಿನ ಪಾಲಿಗೆ ಮಾತ್ರ. ಯುಬಿ ಹೋದ್ಮೇಲೆ ಆ ಹೆಸರುಗಳು ಗುರುತೇ ಇಲ್ಲದೆ ಉದುರಿಹೋದ್ವು.

ಈಸ್ಟ್ ಬೆಂಗಾಲ್‌ಗೆ 2018ರಲ್ಲಿ ಮತ್ತೆ ಬೆಂಗಳೂರಿಂದಲೇ ಇನ್ನೊಂದು ಕಂಪನಿ ಬಂತು, ಕ್ವೆಸ್ ಕಾರ್ಪ್, ಈ ಸಲ ಅರ್ಧ ಅಲ್ಲ ಶೇ. 70 ಪಾಲು, ಹೆಸರು ಕ್ವೆಸ್ ಈಸ್ಟ್ ಬೆಂಗಾಲ್. ಎರಡು ವರ್ಷಕ್ಕೆ ಸಂಬಂಧ ಮುರೀತು. ಆಗ ಎಲ್ಲರಿಗೂ ಮೊದಲ ಸಲ ಕಣ್ಣಿಗೆ ಬಿದ್ದಿದ್ದು ಆ ಪರ್ಮಿಟ್ ವಿಷಯ, ಸ್ಪೋರ್ಟಿಂಗ್ ರೈಟ್ಸ್ ಕಂಪನಿ ಹತ್ರ ಇತ್ತು, ಅದು ವಾಪಸ್ ಬರೋವರೆಗೂ ನೂರನೇ ವರ್ಷ ಆಚರಿಸ್ತಿದ್ದ ಕ್ಲಬ್ ಲೋಗೋ, ಮೈದಾನ, ಬೆಂಬಲಿಗರು ಎಲ್ಲಾ ಇದ್ರೂ ಯಾವ ಲೀಗಿಗೂ ಸೇರೋ ಹಾಗಿರಲಿಲ್ಲ. ಆಮೇಲೆ 2020ರಲ್ಲಿ ಶ್ರೀ ಸಿಮೆಂಟ್ ಬಂದು ಎಸ್‌ಸಿ ಈಸ್ಟ್ ಬೆಂಗಾಲ್ ಅಂತ ಐಎಸ್‌ಎಲ್‌ಗೆ ಹೋಯ್ತು, ಮರುವರ್ಷ ಅಂತಿಮ ಒಪ್ಪಂದಕ್ಕೆ ಸಹಿ ಹಾಕಲ್ಲ ಅಂತ ಕ್ಲಬ್ಬಿನವರು ಕೂತ್ರು, ಮೆಂಬರ್‌ಗಳ ಹಕ್ಕು, ಕ್ಲಬ್ಬಿನ ಆಸ್ತಿ ಎಲ್ಲಾ ಕೈಬಿಟ್ಟು ಹೋಗುತ್ತೆ ಅನ್ನೋದು ಅವರ ಭಯ, ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಮಧ್ಯೆ ಬಂದು ಒಂದು ಸೀಸನ್ ಹೇಗೋ ದಾಟಿಸಿದ್ರು. 2022ರಲ್ಲಿ ಶ್ರೀ ಸಿಮೆಂಟ್ ಹೋಗಿ ಇಮಾಮಿ ಬಂತು. ನಾಲ್ಕು ವರ್ಷದಲ್ಲಿ ಮೂರು ಕಂಪನಿ. ಪಂಜು ಮಾತ್ರ ಅದೇ.

ಅರ್ಥವೇ ಇಲ್ಲದ ಮೂರು ಅಕ್ಷರ

ಈಗ ಮೋಹನ್ ಬಾಗನ್ ಕಥೆ, ಎಲ್ಲಕ್ಕಿಂತ ಹೆಚ್ಚು ಕಲಿಯೋದಿರೋದು ಇಲ್ಲೇ.

2014ರಲ್ಲಿ ಐಎಸ್‌ಎಲ್ ಎಂಟು ಹೊಸ ಟೀಮ್‌ಗಳ ಜೊತೆ ಶುರುವಾದಾಗ ಕೋಲ್ಕತ್ತಾದ ಫ್ರಾಂಚೈಸಿ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ಜೊತೆ ಸೇರಿ ಬಂತು, ಹೆಸರು ಅಟ್ಲೆಟಿಕೊ ಡಿ ಕೋಲ್ಕತ್ತಾ, ಜರ್ಸಿ ಕೂಡ ಮ್ಯಾಡ್ರಿಡ್‌ನ ಥರ ಕೆಂಪು ಬಿಳಿ ಪಟ್ಟೆ. ಮೊದಲ ವರ್ಷವೇ ಕಪ್ ಗೆದ್ರು, 2016ರಲ್ಲಿ ಮತ್ತೆ. 2017ರಲ್ಲಿ ಮ್ಯಾಡ್ರಿಡ್‌ನೋರು ಹೊರಟುಹೋದ್ರು. ಅಟ್ಲೆಟಿಕೊ ಅನ್ನೋ ಪದ ಇನ್ನು ಬಳಸೋ ಹಾಗಿಲ್ಲ, ಹಾಗಾಗಿ ಹೆಸರು ಬರೀ ಎಟಿಕೆ ಆಯ್ತು. ಅಂದ್ರೆ ಏನು? ಏನೂ ಇಲ್ಲ, ಬಿಟ್ಟುಹೋದ ಪಾರ್ಟ್ನರ್ ಜೊತೆ ಇದ್ದಾಗಿನ ಹಳೇ ಹೆಸರಿನ ಅಕ್ಷರಗಳು, ಅಷ್ಟೇ.

2019-20ರ ಸೀಸನ್‌ನಲ್ಲಿ ಎಟಿಕೆ ಐಎಸ್‌ಎಲ್ ಗೆದ್ದಿತು, ಮೋಹನ್ ಬಾಗನ್ ಐ-ಲೀಗ್, ಅಂದ್ರೆ ಹಳೇ ನ್ಯಾಷನಲ್ ಲೀಗ್‌ನ ಜಾಗಕ್ಕೆ ಬಂದ ಲೀಗ್, ಗೆದ್ದಿತು. ಒಂದೇ ಊರಿನ ಇಬ್ಬರು ಚಾಂಪಿಯನ್‌ಗಳು, ಅದೇ ವರ್ಷ ಇಬ್ಬರೂ ಒಂದಾದ್ರು. ಆರ್‌ಪಿಎಸ್‌ಜಿ ಗ್ರೂಪ್, ಸಂಜೀವ್ ಗೋಯೆಂಕಾ ಅವರದ್ದು, ಮೋಹನ್ ಬಾಗನ್‌ನ ಫುಟ್‌ಬಾಲ್ ಕಂಪನಿಯಲ್ಲಿ ಶೇ. 80 ಪಾಲು ತಗೊಂಡಿತು, ಸಂಘಕ್ಕೆ ಶೇ. 20 ಉಳೀತು. 2020ರ ಜುಲೈ 10ರ ಬೋರ್ಡ್ ಮೀಟಿಂಗ್‌ನಲ್ಲಿ ತೀರ್ಮಾನ: ಜರ್ಸಿ ಹಸಿರು ಮರೂನೇ ಇರುತ್ತೆ, ದೋಣಿ ಇರುತ್ತೆ, ಆದ್ರೆ ಹೆಸರು ಎಟಿಕೆ ಮೋಹನ್ ಬಾಗನ್, ಲೋಗೋದಲ್ಲೂ ಆ ಮೂರು ಅಕ್ಷರ ಬರುತ್ತೆ. ಅದೇ ತಿಂಗಳ 29ಕ್ಕೆ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ನ್ಯಾಸ್‌ಡ್ಯಾಕ್ ಬಿಲ್‌ಬೋರ್ಡ್ ಮೇಲೆ ಮೋಹನ್ ಬಾಗನ್ ಲಾಂಛನ ಮೂಡಿತ್ತು. ಜಗತ್ತಿಗೆ ತೋರಿಸಿದ್ದು ಹಳೇ ಗುರುತು, ಮೈದಾನಕ್ಕೆ ಇಳಿಯೋಕೆ ಹೊರಟಿದ್ದು ಹೊಸದರ ಜೊತೆ.

ಬೆಂಬಲಿಗರ ಸಿಟ್ಟು ಬರೀ ಭಾವುಕತೆ ಅಂತ ತಳ್ಳಿಹಾಕೋದು ಸರಿಯಲ್ಲ ಅಂತ ನನಗನ್ಸುತ್ತೆ, ಅವರ ವಾದದಲ್ಲಿ ಗಟ್ಟಿ ತರ್ಕ ಇತ್ತು. ಒಂದು, 1889ರ ಹೆಸರಿನ ಮುಂದೆ 2014ರ ಹೆಸರು ಯಾಕೆ? ಎರಡು, ಯುಬಿ ಕಾಲದಲ್ಲಿ ಬಂದಿದ್ದು ಸ್ಪಾನ್ಸರ್ ಹೆಸರು, ಸ್ಪಾನ್ಸರ್ ಹೋದ್ರೆ ಹೋಗುತ್ತೆ, ಆದ್ರೆ ಎಟಿಕೆ ಸ್ಪಾನ್ಸರ್ ಅಲ್ಲ, ಇನ್ನೊಂದು ಟೀಮ್, ಅದೂ ಐದಾರು ವರ್ಷ ಅದೇ ಊರಲ್ಲಿ ಪೈಪೋಟಿಗೆ ನಿಂತಿದ್ದ ಟೀಮ್. ಮೂರು, ಹೀಗೇ ಬಿಟ್ರೆ ನಾಳೆ ಎಟಿಕೆ ಗೆದ್ದ ಕಪ್‌ಗಳೂ ಮೋಹನ್ ಬಾಗನ್ ಕಪ್‌ಗಳೂ ಒಂದೇ ಲೆಕ್ಕದಲ್ಲಿ ಸೇರಿ, ಯಾರ ಇತಿಹಾಸ ಯಾರದ್ದು ಅಂತ ಗೊತ್ತಾಗದ ಹಾಗೆ ಆಗುತ್ತೆ. ರಿಮೂವ್ ಎಟಿಕೆ ಅನ್ನೋ ಹ್ಯಾಶ್‌ಟ್ಯಾಗ್ ಸೋಶಿಯಲ್ ಮೀಡಿಯಾದಲ್ಲಿ ಮೂರು ವರ್ಷ ಓಡಿತು, ಬ್ಯಾನರ್ ಹಿಡಿದ್ರು, ಪ್ರತಿಭಟನೆ ಮಾಡಿದ್ರು.

ಕಂಪನಿ ಕಡೆ ವಾದವನ್ನೂ ಸರಿಯಾಗಿ ಹೇಳಬೇಕು. ಐ-ಲೀಗ್‌ನಲ್ಲಿ ಆಡ್ತಿದ್ದ ಮೋಹನ್ ಬಾಗನ್‌ಗೆ ಐಎಸ್‌ಎಲ್ ಜಾಗ ಸಿಕ್ಕಿದ್ದು ಎಟಿಕೆ ಪರ್ಮಿಟ್‌ನಿಂದಲೇ, ಆ ಜಾಗ ಕಟ್ಟೋಕೆ ಆರು ವರ್ಷ ದುಡ್ಡು ಸುರಿದೋರು ಅವರೇ. ವರ್ಷ ವರ್ಷ ನಷ್ಟ ಹೊತ್ಕೊಳ್ಳೋರು ತಮ್ಮ ಗುರುತನ್ನ ಎರಡಿಂಚು ಜಾಗದಲ್ಲಾದ್ರೂ ಇಟ್ಕೊಬಾರದಾ ಅನ್ನೋ ಪ್ರಶ್ನೆ ಅನ್ಯಾಯದ ಪ್ರಶ್ನೆ ಏನಲ್ಲ.

ಮುಗಿದಿದ್ದು ಹೇಗೆ ಅನ್ನೋದು ಬೆಂಗಳೂರಿನವರಿಗೆ ನೋವಿನ ನೆನಪು. 2023ರ ಮಾರ್ಚ್ 18, ಗೋವಾದ ಫತೋರ್ಡಾ, ಐಎಸ್‌ಎಲ್ ಫೈನಲ್, ಎದುರಾಳಿ ಬೆಂಗಳೂರು ಎಫ್‌ಸಿ. 2-2, ಆಮೇಲೆ ಪೆನಾಲ್ಟಿಯಲ್ಲಿ 4-3ರಿಂದ ಎಟಿಕೆ ಮೋಹನ್ ಬಾಗನ್ ಗೆದ್ದಿತು, ಗೆದ್ದ ಮೈದಾನದಲ್ಲೇ ಗೋಯೆಂಕಾ ಎಟಿಕೆ ಅನ್ನೋದನ್ನ ತೆಗೀತೀವಿ ಅಂದ್ರು. ಜೂನ್‌ನಿಂದ ಹೆಸರು ಮೋಹನ್ ಬಾಗನ್ ಸೂಪರ್ ಜೈಂಟ್. ಮುಂದಿದ್ದ ಕಂಪನಿ ಗುರುತು ಹಿಂದಕ್ಕೆ ಹೋಯ್ತು ಅಷ್ಟೇ ಅಂತ ಕೆಲವರು, ಇಲ್ಲ, ನಮ್ಮ ಹೆಸರು ಮೊದಲು ಬಂತು ಅದೇ ದೊಡ್ಡದು ಅಂತ ಕೆಲವರು. ಸೂಪರ್ ಜೈಂಟ್ ಯಾಕೆ ಅಂದ್ರೆ ಅದೇ ಗ್ರೂಪಿನ ಐಪಿಎಲ್ ಟೀಮ್ ಲಕ್ನೋ ಸೂಪರ್ ಜೈಂಟ್ಸ್, ಅದಕ್ಕೂ ಮುಂಚೆ ಪುಣೆಯದ್ದೂ ಸೂಪರ್‌ಜೈಂಟ್, ಹಾಗಾಗಿ ಅದು ಮನೆತನದ ಅಡ್ಡಹೆಸರಿನ ಥರ. ಆದ್ರೆ ಹರಿವು ಒಂದೇ ದಿಕ್ಕಲ್ಲಿ ಇರಲಿಲ್ಲ ಅನ್ನೋದೂ ನಿಜ, 2023ರ ಮೇ 20ಕ್ಕೆ ಈಡನ್ ಗಾರ್ಡನ್ಸ್‌ನಲ್ಲಿ ಕೆಕೆಆರ್ ವಿರುದ್ಧ ಲಕ್ನೋ ಟೀಮ್ ಹಸಿರು ಮರೂನ್ ಜರ್ಸಿ ಹಾಕ್ಕೊಂಡು ಆಡಿತು. ಕ್ರಿಕೆಟ್ ಟೀಮ್ ಒಂದು ಫುಟ್‌ಬಾಲ್ ಕ್ಲಬ್ಬಿನ ಬಣ್ಣ ಹಾಕೋಕೆ ಮುಂದಾಯ್ತು ಅಂದ್ರೆ ಆ ಬಣ್ಣಕ್ಕೆ ಎಷ್ಟು ಬೆಲೆ ಇದೆ ಅಂತ ಕಂಪನಿಗೂ ಚೆನ್ನಾಗಿ ಗೊತ್ತು.

ಹೊರಗಿನ ದೇಶಗಳಲ್ಲಿ ಏನಾಯ್ತು

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಕೋಲ್ಕತ್ತಾಗೆ ಹೆಸರು ಕೊಟ್ಟು ಹೋದ ಅದೇ ಅಟ್ಲೆಟಿಕೊ ಮ್ಯಾಡ್ರಿಡ್ 2017ರಲ್ಲಿ ಹೊಸ ಸ್ಟೇಡಿಯಂಗೆ ಹೋಗುವಾಗ ತನ್ನ ಲೋಗೋವನ್ನೂ ಬದಲಾಯಿಸಿತು, ಕರಡಿ ಮತ್ತು ಮರ ಇರೋ ಹಳೇ ಚಿತ್ರವನ್ನ ಮೊಬೈಲಲ್ಲಿ ಸಣ್ಣದಾಗಿ ಕಂಡ್ರೂ ಗೊತ್ತಾಗೋ ಹಾಗೆ ಸರಳ ಮಾಡಿದ್ರು. ಬೆಂಬಲಿಗರು ಒಪ್ಪಲೇ ಇಲ್ಲ. ಆರು ವರ್ಷ ಹಠ ಹಿಡಿದ್ರು, ಕೊನೆಗೆ 2023ರಲ್ಲಿ ಕ್ಲಬ್ ಮೆಂಬರ್‌ಗಳ ಮತಕ್ಕೆ ಹಾಕಿತು, ಶೇ. 88ಕ್ಕೂ ಹೆಚ್ಚು ಜನ ಹಳೇದೇ ಬೇಕು ಅಂದ್ರು, 2024ರ ಜುಲೈ 1ರಿಂದ ಹಳೇ ಲೋಗೋ ವಾಪಸ್ ಬಂತು. ಅಟ್ಲೆಟಿಕೊ ಕೂಡ ಷೇರುದಾರರ ಕಂಪನಿಯೇ, ಮೆಂಬರ್‌ಗಳು ಮಾಲೀಕರಲ್ಲ. ಆದ್ರೂ ಕೇಳಿದ್ರು, ಬಂದ ಉತ್ತರಕ್ಕೆ ತಲೆಬಾಗಿದ್ರು.

ವೇಲ್ಸ್‌ನ ಕಾರ್ಡಿಫ್ ಸಿಟಿ ಕಥೆ ಇದಕ್ಕಿಂತ ತೀವ್ರ. 1908ರಿಂದ ನೀಲಿ ಬಣ್ಣದ ಟೀಮ್, ಅಡ್ಡಹೆಸರೇ ಬ್ಲೂಬರ್ಡ್ಸ್. ಮಲೇಷ್ಯಾದ ಮಾಲೀಕ ವಿನ್ಸೆಂಟ್ ಟಾನ್ 2012ರಲ್ಲಿ ಜರ್ಸಿ ಕೆಂಪು ಮಾಡಿ, ಲೋಗೋದಲ್ಲಿ ಹಕ್ಕಿಯನ್ನ ಕೆಳಗೆ ಸಣ್ಣದು ಮಾಡಿ ಡ್ರ್ಯಾಗನ್‌ನ ದೊಡ್ಡದು ಮಾಡಿದ್ರು, ಏಷ್ಯಾದ ಮಾರ್ಕೆಟ್‌ನಲ್ಲಿ ಕೆಂಪು ಶುಭ ಅನ್ನೋದು ಲೆಕ್ಕಾಚಾರ. ಮರುವರ್ಷವೇ ಟೀಮ್ ಪ್ರೀಮಿಯರ್ ಲೀಗ್‌ಗೆ ಏರಿತು, ಅಂದ್ರೆ ಕೆಂಪು ಬಣ್ಣದಲ್ಲೇ ಗೆದ್ರು. ಆದ್ರೂ ಜನ ನೀಲಿ ಬಿಡಲಿಲ್ಲ, 2015ರ ಜನವರಿಯಲ್ಲಿ ನೀಲಿ ಜರ್ಸಿ ವಾಪಸ್ ಬಂತು. ಗೆದ್ರೆ ಎಲ್ಲಾ ಮರೀತಾರೆ ಅನ್ನೋ ನಂಬಿಕೆ ಸುಳ್ಳು ಅನ್ನೋಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಲೀಡ್ಸ್ ಯುನೈಟೆಡ್‌ನೋರು 2018ರ ಜನವರಿಯಲ್ಲಿ ಎದೆ ಮೇಲೆ ಮುಷ್ಟಿ ಇಟ್ಕೊಂಡ ಮನುಷ್ಯನ ಚಿತ್ರವನ್ನ ಹೊಸ ಲೋಗೋ ಅಂತ ತಂದು, ಹತ್ತು ಸಾವಿರ ಜನರನ್ನ ಕೇಳಿಯೇ ಮಾಡಿದ್ದು ಅಂತಲೂ ಹೇಳಿದ್ರು, ಹತ್ತಾರು ಸಾವಿರ ಜನ ವಿರೋಧಿಸಿ ಸಹಿ ಹಾಕಿದ್ಮೇಲೆ ಅದು ಜರ್ಸಿಗೆ ಏರೋ ಮುಂಚೆಯೇ ಕೈಬಿಟ್ರು.

ಆಸ್ಟ್ರಿಯಾದಲ್ಲಿ ಮಾತ್ರ ಮಾಲೀಕ ಬಗ್ಗಲಿಲ್ಲ. 2005ರಲ್ಲಿ ರೆಡ್ ಬುಲ್ ಕಂಪನಿ ಸಾಲ್ಜ್‌ಬರ್ಗ್‌ನ ಟೀಮ್ ಕೊಂಡು, ನೇರಳೆ ಬಣ್ಣ ತೆಗೆದು ಕೆಂಪು ಬಿಳಿ ಮಾಡಿ, ಹೆಸರು ಲೋಗೋ ಎಲ್ಲಾ ತನ್ನದೇ ಮಾಡ್ಕೊಂಡಿತು. ಬೆಂಬಲಿಗರ ಒಂದು ದೊಡ್ಡ ಗುಂಪು ಹೊರಬಂದು ಹಳೇ ಹೆಸರಲ್ಲೇ, ನೇರಳೆ ಬಣ್ಣದಲ್ಲೇ ಬೇರೆ ಕ್ಲಬ್ ಕಟ್ಟಿ ತೀರಾ ಕೆಳಗಿನ ಲೀಗಿಂದ ಮತ್ತೆ ಶುರುಮಾಡಿದ್ರು, ಹತ್ತು ವರ್ಷದಲ್ಲಿ ಎರಡನೇ ಡಿವಿಷನ್ ಮುಟ್ಟಿದ್ರು. ಅದೇ ಕಂಪನಿ ಜರ್ಮನಿಯ ಲೈಪ್‌ಜಿಗ್‌ಗೆ ಹೋದಾಗ ಅಲ್ಲಿನ ನಿಯಮ ಅಡ್ಡ ಬಂತು, ಟೀಮಿನ ಹೆಸರಲ್ಲಿ ಕಂಪನಿ ಹೆಸರು ಹಾಕೋ ಹಾಗಿಲ್ಲ. ಹಾಗಾಗಿ ಆರ್‌ಬಿ ಅಂದ್ರೆ ರೆಡ್ ಬುಲ್ ಅಲ್ಲ, ರಾಜೆನ್‌ಬಾಲ್‌ಸ್ಪೋರ್ಟ್, ಹುಲ್ಲಿನ ಮೇಲಿನ ಚೆಂಡಾಟ ಅಂತ ಅರ್ಥ ಬರೋ ಪದ ಹುಡುಕಿದ್ರು. 2014ರಲ್ಲಿ ಎರಡನೇ ಡಿವಿಷನ್‌ಗೆ ಬಂದಾಗ ಲೋಗೋವನ್ನೂ ಬದಲಾಯಿಸಿ ಅಂತ ಲೀಗ್ ಹೇಳಿತು, ಬದಲಾಯಿಸಿದ್ರು. ನಿಯಮಕ್ಕೆ ಸುತ್ತುದಾರಿ ಇದೆ ಅನ್ನೋದೂ ಇದರಿಂದ ಗೊತ್ತಾಗುತ್ತೆ, ನಿಯಮ ಇದ್ರೆ ಕಂಪನಿ ಒಂದು ಹೆಜ್ಜೆಯಾದ್ರೂ ಹಿಂದೆ ಇಡಬೇಕಾಗುತ್ತೆ ಅನ್ನೋದೂ ಗೊತ್ತಾಗುತ್ತೆ.

ಇಂಗ್ಲೆಂಡ್ ಇದನ್ನ ಕಾನೂನನ್ನೇ ಮಾಡಿಬಿಟ್ಟಿದೆ. 2025ರ ಫುಟ್‌ಬಾಲ್ ಗವರ್ನೆನ್ಸ್ ಆಕ್ಟ್ ಪ್ರಕಾರ ಲೋಗೋ ಅಥವಾ ಹೋಮ್ ಜರ್ಸಿಯ ಬಣ್ಣ ಗಂಭೀರವಾಗಿ ಬದಲಾಗಬೇಕಾದ್ರೆ ದೇಶದೊಳಗಿನ ಬೆಂಬಲಿಗರಲ್ಲಿ ಬಹುಮತ ಒಪ್ಪಬೇಕು.

ನಮ್ಮಲ್ಲಿ ಮುಂದೇನಾಗಬಹುದು

ಭಾರತದಲ್ಲಿ ಕಂಪನಿ ಹೆಸರಿನ ಟೀಮ್‌ಗಳು ಹೊಸದಲ್ಲ. ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು, ಪಂಜಾಬಿನ ಜೆಸಿಟಿ ಮಿಲ್ಸ್ 2011ರಲ್ಲಿ, ನಮ್ಮ ಎಚ್‌ಎಎಲ್ ಮತ್ತು ಐಟಿಐ ಕೂಡ ಒಂದು ಕಾಲದಲ್ಲಿ ಬೆಂಗಳೂರು ಫುಟ್‌ಬಾಲ್‌ನ ದೊಡ್ಡ ಹೆಸರುಗಳು. ಅವುಗಳ ಹಿಂದೆ ಸಂಘ ಇರಲಿಲ್ಲ, ಕಂಪನಿ ಸಾಕು ಅಂದ ದಿನ ಟೀಮಿನ ಕಥೆ ಮುಗೀತು. ಫ್ರಾಂಚೈಸಿ ಮಾದರಿಯಲ್ಲಿ ಕಂಪನಿ ಹೆಸರಿನ ಬದಲು ಊರಿನ ಹೆಸರು ಬಂತು, ಊರಿನ ಚಿಹ್ನೆ ಬಂತು, ಆದ್ರೆ ಒಳಗಿನ ರಚನೆ ಹಳೇ ಕಂಪನಿ ಟೀಮ್‌ಗಳದ್ದೇ. ಅದಕ್ಕೇ ಚಾರ್‌ಮಿನಾರ್ ಇದ್ದ ಲೋಗೋ ಆರು ವರ್ಷಕ್ಕೆ ಇಲ್ಲವಾಗಿದ್ದು. ಇದೇ ಹೈದರಾಬಾದ್ ಸಿಟಿ ಪೊಲೀಸ್ ಟೀಮ್ ಕಟ್ಟಿದ ಸೈಯದ್ ಅಬ್ದುಲ್ ರಹೀಮ್ ಅವರ ಊರು, 1956ರ ಒಲಿಂಪಿಕ್ಸ್‌ನಲ್ಲಿ ಭಾರತವನ್ನ ನಾಲ್ಕನೇ ಸ್ಥಾನಕ್ಕೆ, 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನಕ್ಕೆ ಒಯ್ದವರು ಅವರು, ಅಂಥ ಊರಿನ ಗುರುತು ಒಂದು ಪ್ರಕಟಣೆಯಲ್ಲಿ ಮುಗಿದುಹೋಯ್ತು ಅನ್ನೋದು ಸಣ್ಣ ವಿಷಯ ಅಲ್ಲ.

ಇಂಥದ್ದು ಇನ್ನೂ ಆಗೋ ಸಾಧ್ಯತೆ ಇದೆ, ಕಾರಣ ದುಡ್ಡು. ದೇಶದ ಫುಟ್‌ಬಾಲ್ ಫೆಡರೇಷನ್‌ಗೂ ಐಎಸ್‌ಎಲ್ ನಡೆಸ್ತಿದ್ದ ಎಫ್‌ಎಸ್‌ಡಿಎಲ್ ಕಂಪನಿಗೂ ಇದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗೀತು, ಅದರ ಗೊಂದಲದಲ್ಲಿ ಸೀಸನ್ ತಿಂಗಳುಗಟ್ಟಲೆ ತಡ ಆಯ್ತು. ಆಟ ಇಲ್ಲದೆ ಟೀವಿ ದುಡ್ಡಿಲ್ಲ, ಟೀವಿ ದುಡ್ಡಿಲ್ಲದೆ ಸ್ಪಾನ್ಸರ್ ಇಲ್ಲ, ಸ್ಪಾನ್ಸರ್ ಇಲ್ಲದೆ ನಷ್ಟ ಪೂರ್ತಿ ಮಾಲೀಕನ ಮೇಲೆ. 2019ರಲ್ಲಿ ಮುಂಬೈ ಸಿಟಿಯಲ್ಲಿ ಶೇ. 65 ಪಾಲು ತಗೊಂಡಿದ್ದ ಸಿಟಿ ಫುಟ್‌ಬಾಲ್ ಗ್ರೂಪ್ ಈ ಹೊತ್ತಲ್ಲೇ ಹೊರನಡೀತು. ಮಾಲೀಕ ಹೊರಟಾಗ ಹೊಸಬ ಬರ್ತಾನೆ, ಹೊಸಬ ಬಂದ್ರೆ ಊರು, ಹೆಸರು, ಲೋಗೋ ಎಲ್ಲಾ ಮತ್ತೆ ಮಾತುಕತೆಯ ಮೇಜಿಗೆ ಬರುತ್ತೆ.

ಬೆಂಗಳೂರು ಎಫ್‌ಸಿಯನ್ನೂ ಇದರಿಂದ ಹೊರಗಿಟ್ಟು ನೋಡೋಕಾಗಲ್ಲ. ಜೆಎಸ್‌ಡಬ್ಲ್ಯು 2013ರ ಜುಲೈನಲ್ಲಿ ಈ ಕ್ಲಬ್ ಶುರುಮಾಡಿದಾಗ ಬ್ಯಾಂಗಲೋರ್ ಅಂತ ಇಡದೆ ಬೆಂಗಳೂರು ಅಂತ ಇಟ್ರು, ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಹಾಗೆ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಹೆಸರಲ್ಲಿ ಕಂಪನಿಯ ಒಂದಕ್ಷರವೂ ಇಲ್ಲ, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ರು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿದ್ರು, ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನೀಲಿ ಬಾವುಟ ಹಿಡಿಯೋರು ಹುಟ್ಕೊಂಡ್ರು. ಇದೆಲ್ಲಾ ಮಾಲೀಕರು ಮನಸ್ಸಿಟ್ಟು ಮಾಡಿದ ಒಳ್ಳೇ ಕೆಲಸ, ಅದನ್ನ ಒಪ್ಪಲೇಬೇಕು. ಆದ್ರೆ ಹಿಂದೆ ಸಂಘ ಇಲ್ಲ, ಮೆಂಬರ್‌ಗೆ ವೋಟ್ ಇಲ್ಲ, ಶೇ. 20ರಷ್ಟು ಪಾಲು ಇಟ್ಕೊಂಡು ಬೋರ್ಡ್ ಮೀಟಿಂಗಲ್ಲಿ ಕೂತು ದೋಣಿ ಇರಲೇಬೇಕು ಅನ್ನೋರು ಇಲ್ಲ. 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತೋ ಇಲ್ಲವೋ ಅನ್ನೋ ಅನಿಶ್ಚಿತತೆಯಲ್ಲಿ ಇದೇ ಕ್ಲಬ್ ಮೊದಲ ತಂಡದ ಸಂಬಳ ತಡೆಹಿಡಿದಾಗ ಸುನಿಲ್ ಛೆಟ್ರಿಯಂಥ ಆಟಗಾರ ಇರೋ ಟೀಮಿನ ಬುಡವೂ ಎಷ್ಟು ತೆಳುವಾಗಿದೆ ಅಂತ ಕಾಣಿಸಿತು.

ಬೆಂಬಲಿಗರಿಗೆ ಪಾಲು ಕೊಡಿ ಅನ್ನೋದು ಈಗಿನ ನಷ್ಟದ ಕಾಲದಲ್ಲಿ ಆಗದ ಮಾತು ಅನ್ನಿಸಬಹುದು, ನಷ್ಟದಲ್ಲಿ ಪಾಲು ಯಾರಿಗೆ ಬೇಕು. ಆದ್ರೆ ಲೋಗೋ, ಬಣ್ಣ, ಊರು, ಈ ಮೂರಕ್ಕೆ ಮಾತ್ರ ಸೀಸನ್ ಟಿಕೆಟ್ ಇರೋರ ಒಪ್ಪಿಗೆ ಬೇಕು ಅಂತ ಫೆಡರೇಷನ್ ತನ್ನ ಕ್ಲಬ್ ಲೈಸೆನ್ಸ್ ಷರತ್ತಿಗೆ ಒಂದು ಸಾಲು ಸೇರಿಸೋಕೆ ಮಾಲೀಕರ ಜೇಬಿಂದ ಒಂದು ರೂಪಾಯಿಯೂ ಹೋಗಲ್ಲ. ಹೊಸ ಒಪ್ಪಂದದ ಕಾಗದ ಬರೆಯೋ ಹೊತ್ತೇ ಆ ಸಾಲು ಬರೆಸೋಕೆ ಸರಿಯಾದ ಸಮಯ, ಕೇಳಬೇಕಾದೋರು ಕೊಚ್ಚಿ, ಬೆಂಗಳೂರು, ಕೋಲ್ಕತ್ತಾದ ಸ್ಟ್ಯಾಂಡ್‌ಗಳಲ್ಲಿ ಇದ್ದಾರೆ, ಹೈದರಾಬಾದ್‌ನಲ್ಲಿ ಹಳದಿ ಬಾವುಟ ಮಡಚಿಟ್ಟಿರೋರೂ ಇದ್ದಾರೆ.